ಪದಚರ್ಚೆ: ‘ಭಿನ್ನ’, ‘ಮುಕ್ಕು’ – ಮನುಷ್ಯರಿಗೂ ಸಲ್ಲುತ್ತವೆಯೇ?

ಎಲ್ಲರಿಗೂ ನಮಸ್ಕಾರ.

ದೇವರಾಜ ಅರಸು ಅವರ ಬಗ್ಗೆ ಸಣ್ಣದೊಂದು ಬರಹ ಬರೆಯಲು ಹೋಗಿ ಪದವೊಂದರ ಹತ್ತಿರ ಸಿಕ್ಕಿಬಿದ್ದಿದ್ದೇನೆ. ‘1979ರಲ್ಲಿ ಪಕ್ಷದೊಳಗೆ ಭಿನ್ನಮತ ಭುಗಿಲೆದ್ದು’ ಎಂದು ಬರೆದಿದ್ದನ್ನು ಮೂಡಿಗೆರೆ ಕಡೆಯ ನಮ್ಮ ದೊಡ್ಡಪ್ಪನಿಗೆ ಓದಿ ಹೇಳಿದೆ. “ಯಾಕ್ಲಾ, ಅರಸು ಬೇರೆ ಮತಕ್ಕೆ ಸೇರಿದ್ರಾ?” ಎಂದರು. ತಮಾಷೆಗಲ್ಲ. ಅವರ ಕಿವಿಗೆ ‘ಮತ’ ಅಂದರೆ ಒಂದೋ ಧರ್ಮ, ಇಲ್ಲವೇ ಓಟು.

ಇನ್ನು ‘ಭಿನ್ನ’ ಅಂದರೆ ಒಡೆದ ವಿಗ್ರಹ. ನಮ್ಮ ಬೇಲೂರು, ಹಳೇಬೀಡಿನ ಕಡೆ ಇದು ದಿನಬಳಕೆಯ ಮಾತು. ಕೈಯೋ ಮೂಗೋ ಹೋದ ಮೂರ್ತಿ ‘ಭಿನ್ನ ಆಗಿದೆ’, ಅದಕ್ಕೆ ಪೂಜೆಯಿಲ್ಲ. ಸಂಸ್ಕೃತದ ‘ಭಿದ್’ ಧಾತುವಿನಿಂದ ಬಂದ ಪದಕ್ಕೆ ಒಡೆದದ್ದು, ಬೇರೆಯಾದದ್ದು ಎರಡೂ ಅರ್ಥವಿದೆ. ಪತ್ರಿಕೆಯವರು ಎರಡನೆಯದನ್ನು ಹಿಡಿದರು, ದೊಡ್ಡಪ್ಪ ಮೊದಲನೆಯದನ್ನು. (ದೆಹಲಿಗೆ ದೂರು ಹೊತ್ತೊಯ್ಯುವ ಭಿನ್ನರ ‘ಬಿನ್ನಹ’ ಮಾತ್ರ ‘ವಿಜ್ಞಾಪನೆ’ಯ ತದ್ಭವ, ಇದಕ್ಕೂ ಅದಕ್ಕೂ ನಂಟಿಲ್ಲ.)

“ಹಂಗಾದ್ರೆ ಅರಸು ಭಿನ್ನ ಆಗಿದ್ರಾ ದೊಡ್ಡಪ್ಪ?” ಎಂದೆ. “ಇಲ್ಲ ಕಣ್ಲಾ. ಮುಕ್ಕಾಗಿದ್ರು, ಅಷ್ಟೆ.”

ನನ್ನ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಅಂಚು ಹಾರಿದ ಲೋಟಕ್ಕೆ ಮುಕ್ಕಾಗಿದೆ ಅನ್ನುತ್ತೇವೆ. ಎಸೆಯುವುದಿಲ್ಲ, ಕುಡಿಯುವಾಗ ಆ ಕಡೆ ತುಟಿಯಿಡುವುದಿಲ್ಲ. ದೊಡ್ಡಪ್ಪ ಗೇಣಿದಾರರಾಗಿದ್ದವರು. 1974ರ ಭೂಸುಧಾರಣೆ ಬಂದಾಗ ಏಳನೇ ನಂಬರ್ ಫಾರಂ ತುಂಬಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಗದ್ದೆ ಪಡೆದರು. ಗ್ರೋವರ್ ಆಯೋಗ ಅರಸು ಮೇಲಿನ ಆರೋಪಗಳ ವಿಚಾರಣೆ ನಡೆಸಿದ್ದೂ ಅವರಿಗೆ ಗೊತ್ತು. ಆ ಮಾತು ಬಂದಾಗ ವಾದಕ್ಕೆ ಇಳಿಯುವುದಿಲ್ಲ. 1978ರಲ್ಲಿ ಅರಸು ಮುಂದೆ ನಿಂತು ಇಂದಿರಾ ಗಾಂಧಿಯವರನ್ನು ಚಿಕ್ಕಮಗಳೂರಿನಿಂದ ಗೆಲ್ಲಿಸಿದಾಗ ಓಟು ಹಾಕಿದವರಲ್ಲಿ ದೊಡ್ಡಪ್ಪನೂ ಒಬ್ಬರು. ಮರುವರ್ಷ ಅರಸು, ಇಂದಿರಾ ಇಬ್ಬರೂ ಬೇರೆಯಾದರು. 1980ರಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 27 ಗೆದ್ದಿತಲ್ಲ, ಆಗಲೂ ದೊಡ್ಡಪ್ಪ ಒತ್ತಿದ್ದು ‘ಕೈ’ಗೇ. ಅರಸು ಕಾಲದಲ್ಲಿ ಬಂದ ಗದ್ದೆಯಲ್ಲೇ ನಾಟಿ ಮುಗಿಸಿದ್ದವರು! ಹಾಗಾಗಿ ಆ ‘ಮುಕ್ಕು’ ಯಾರ ಮೇಲಿನದು ಎಂದು ನನಗೆ ಈಗಲೂ ಅನುಮಾನ.

‘ಐಬು’ ಎಂದು ಬರೆಯಬಹುದಿತ್ತು. ಆದರೆ ಐಬು ಒಳಗಿನದು, ದನದ ಜಾತ್ರೆಯಲ್ಲಿ ಮಾರುವವ ಮುಚ್ಚಿಡುವಂಥದ್ದು. ಕಪ್ಪೆ ಚೆನ್ನಿಗರಾಯನ ಕತೆಯಲ್ಲಿ ಕಲ್ಲಿನೊಳಗೆ ಕೂತ ಕಪ್ಪೆಯಂತೆ. ಮುಕ್ಕು ಹಾಗಲ್ಲ, ಬಳಸುತ್ತ ಬಳಸುತ್ತ ಆದದ್ದು, ಎಲ್ಲರಿಗೂ ಕಾಣುವುದು.

ನಿಮ್ಮ ಕಡೆ ಮನುಷ್ಯರಿಗೆ ‘ಮುಕ್ಕಾದ’ ಅನ್ನುತ್ತಾರೆಯೇ? ಅರಕಲಗೂಡು, ಸಕಲೇಶಪುರದವರು ದಯವಿಟ್ಟು ತಿಳಿಸಿ. ನನಗೊಂದೇ ಹೆದರಿಕೆ: ‘ಮುಕ್ಕಾದ ನಾಯಕ’ ಎಂದು ಅಚ್ಚಾದರೆ, ರಾಜಕೀಯದ ವಿಷಯವಾದ್ದರಿಂದ, ಓದುವವರು ‘ಮುಕ್ಕಿದ ನಾಯಕ’ ಎಂದೇ ಓದಿಕೊಂಡಾರು.