ಎಂಸಿವಿ 61, ಆರ್‌ಬಿಸಿ 57 ಲಕ್ಷ: ಐರನ್ ಮಾತ್ರೆ ಡೋಸ್ ಹೆಚ್ಚಿಸಬೇಕಾ?

ಪ್ರಶ್ನೆ:
ಹೆಣ್ಣು, ವಯಸ್ಸು 26. ಹಿಮೋಗ್ಲೋಬಿನ್ 10.8, ಆರ್‌ಬಿಸಿ (ಕೆಂಪು ರಕ್ತಕಣಗಳ ಸಂಖ್ಯೆ) 57 ಲಕ್ಷ, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 61, ಆರ್‌ಡಿಡಬ್ಲ್ಯೂ (ಕಣಗಳ ಗಾತ್ರದಲ್ಲಿನ ಏರುಪೇರು) 15, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) 68,000. ಮೂರು ತಿಂಗಳು ತಪ್ಪದೆ ಐರನ್ ಮಾತ್ರೆ ತಗೊಂಡರೂ ಹಿಮೋಗ್ಲೋಬಿನ್ ಏರಿಲ್ಲ. ಚರ್ಮದ ಮೇಲೆ ಕೆಂಪು ಚುಕ್ಕೆ, ವಸಡಿನಲ್ಲಿ ರಕ್ತ ಯಾವುದೂ ಇಲ್ಲ. ಡೋಸ್ ಹೆಚ್ಚಿಸಬೇಕಾ?

ಉತ್ತರ 1:
ಬೇಡ, ಮೊದಲು ಆರ್‌ಬಿಸಿ ಸಾಲು ನೋಡಿ. ರಿಪೋರ್ಟಿನಲ್ಲಿ ಎಲ್ಲರ ಕಣ್ಣು ತಪ್ಪಿಸಿಕೊಳ್ಳುವ ಸಾಲು ಅದೇ. ಕಬ್ಬಿಣ ಸಾಲದಾಗ ಕಣ ಚಿಕ್ಕದಾಗುತ್ತದೆ, ಸಂಖ್ಯೆಯೂ ಇಳಿಯುತ್ತದೆ. ಇಲ್ಲಿ ಕಣ ಚಿಕ್ಕದು, ಸಂಖ್ಯೆ ಮಾತ್ರ ಮೇಲಿದೆ. ಎಂಸಿವಿಯನ್ನು ಮಿಲಿಯನ್ ಲೆಕ್ಕದ ಆರ್‌ಬಿಸಿಯಿಂದ ಭಾಗಿಸಿ: 61 ÷ 5.7 = 10.7. ಇದು ಮೆಂಟ್ಜರ್ ಸೂಚ್ಯಂಕ. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ಮೈನರ್ (ಹಿಮೋಗ್ಲೋಬಿನ್ ತಯಾರಿಕೆಯ ಆನುವಂಶಿಕ ದೋಷದ ಸೌಮ್ಯ ರೂಪ) ಅನುಮಾನ ಬಲವಾಗುತ್ತದೆ. ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಮಾಡಿಸಿ, ಅದರಲ್ಲಿ ಎಚ್‌ಬಿಎ2 ಎಂಬ ಬಗೆ ಶೇ 3.5 ದಾಟಿದ್ದರೆ ಸಾಮಾನ್ಯವಾಗಿ ಬೀಟಾ ಥಲಸ್ಸೀಮಿಯಾ ವಾಹಕರು, ಅಂದರೆ ಮೈನರ್ ಇದ್ದವರು ಎಂದರ್ಥ.

ಉತ್ತರ 2:
ಸೂಚ್ಯಂಕ ಬರೀ ಸುಳಿವು, ಅದನ್ನೇ ತೀರ್ಪು ಅಂದುಕೊಳ್ಳಬೇಡಿ. ಜೊತೆಗೆ ಫೆರಿಟಿನ್ (ದೇಹದ ಕಬ್ಬಿಣ ದಾಸ್ತಾನು ತೋರಿಸುವ ಪರೀಕ್ಷೆ) ಕೂಡ ನೋಡಲೇಬೇಕು. ಥಲಸ್ಸೀಮಿಯಾ ಮೈನರ್ ಇದ್ದವರಿಗೆ ಕಬ್ಬಿಣದ ಕೊರತೆಯೂ ಇದ್ದರೆ ಎಚ್‌ಬಿಎ2 ತಗ್ಗಿ, ವರದಿ ನಾರ್ಮಲ್ ಅಂತ ಬರಬಹುದು. ಹಾಗಿದ್ದಲ್ಲಿ ಕಬ್ಬಿಣ ತುಂಬಿಸಿ ಮತ್ತೆ ಎಚ್‌ಪಿಎಲ್‌ಸಿ ಮಾಡಬೇಕು. ಜ್ವರ, ಸೋಂಕು ಇರುವಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಜೊತೆಗಿಟ್ಟು ಓದಿ. ಫೆರಿಟಿನ್ ಚೆನ್ನಾಗಿದ್ದರೆ ಐರನ್ ನಿಲ್ಲಿಸಲು ವೈದ್ಯರನ್ನು ಕೇಳಿ, ಬೇಡದ ಕಬ್ಬಿಣವನ್ನು ಹೊರಹಾಕಲು ದೇಹಕ್ಕೆ ದಾರಿಯಿಲ್ಲ. ಫೆರಿಟಿನ್ ಕಡಿಮೆಯಿದ್ದರೆ ಮಾತ್ರೆಯನ್ನು ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆ ತಗೊಂಡರಾ ಎಂದು ಮೊದಲು ವಿಚಾರಿಸಿ.

ಉತ್ತರ 3:
ಪ್ಲೇಟ್‌ಲೆಟ್ ಬಗ್ಗೆ ಯಾರೂ ಹೇಳಲಿಲ್ಲ. ರಕ್ತಸ್ರಾವದ ಗುರುತೇ ಇಲ್ಲದ 68,000 ನಿಜವಾಗಿರಲೂಬಹುದು, ಆದರೆ ಮೊದಲು ಸ್ಮಿಯರ್ (ಸ್ಲೈಡಿನ ಮೇಲೆ ತೆಳುವಾಗಿ ಹರಡಿದ ರಕ್ತ) ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಕೆಲವರ ರಕ್ತದಲ್ಲಿ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎ ರಾಸಾಯನಿಕದಿಂದಲೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ಮಷೀನ್ ಅವನ್ನು ಪ್ಲೇಟ್‌ಲೆಟ್ ಅಂತ ಎಣಿಸುವುದಿಲ್ಲ. ಸ್ಲೈಡಿನ ಬಾಲದಂಚಿನಲ್ಲಿ ಗೊಂಚಲು ಕಂಡರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಿ, ಆ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರವ ಬೆರೆತಿರುತ್ತದೆ. ಟ್ಯೂಬ್ ಗೆರೆಯವರೆಗೆ ತುಂಬದಿದ್ದರೆ ಈ ಲೆಕ್ಕವೂ ಕೆಡುತ್ತದೆ.

ಪ್ರಶ್ನೆ ಕೇಳಿದವರು:
ಈ ರಿಪೋರ್ಟಿನವರು ಮುಂದಿನ ವರ್ಷ ಮಗು ಬೇಕು ಅಂತಿದ್ದಾರೆ. ಗರ್ಭ ನಿಂತ ಮೇಲೆ ಎಚ್‌ಪಿಎಲ್‌ಸಿ ಮಾಡಿಸಿದರೆ ಸಾಕಾಗಲ್ವಾ?

ಉತ್ತರ 1:
ಈಗಲೇ ಮಾಡಿಸಿ. ವಾಹಕರೆಂದು ಬಂದರೆ ಗಂಡನಿಗೂ ಸಿಬಿಸಿ (ರಕ್ತಕಣಗಳ ಎಣಿಕೆ), ಎಚ್‌ಪಿಎಲ್‌ಸಿ ಎರಡೂ ಆಗಬೇಕು. ಇಬ್ಬರೂ ಬೀಟಾ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸ್ಸೀಮಿಯಾ ಮೇಜರ್ (ಅದೇ ದೋಷದ ತೀವ್ರ ರೂಪ) ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಭ್ರೂಣದ ಪರೀಕ್ಷೆಗೆ ಮೊದಲು ಇಬ್ಬರ ಜೀನ್ ದೋಷ ಯಾವುದೆಂದು ಗೊತ್ತಾಗಬೇಕು. ಗರ್ಭ ನಿಂತ ಮೇಲೆ ಹೊರಟರೆ ಅದಕ್ಕೇ ವಾರಗಳು ಕಳೆದುಹೋಗುತ್ತವೆ.