ಅಪ್‌ಡೇಟ್: ಜ್ಯಾಂಗೋ ಮಾಡೆಲ್ಸ್ ಫೈಲ್ ಒಡೆದಾಯಿತು, ಡೇಟಾ ಹಾಗೇ ಇದೆ

ಹೋದ ವಾರ ಕೇಳಿದ್ದೆನಲ್ಲ, ದಾವಣಗೆರೆಯ ಮೆಕ್ಕೆಜೋಳ ಮಂಡಿಯೊಂದಕ್ಕೆ ಮಾಡಿದ ಜ್ಯಾಂಗೋ (ಪೈಥಾನ್ ಭಾಷೆಯ ವೆಬ್ ಫ್ರೇಮ್‌ವರ್ಕ್) ಆ್ಯಪ್‌ನಲ್ಲಿ ಮಾಡೆಲ್ಸ್ ಫೈಲ್ (ಡೇಟಾಬೇಸ್ ಟೇಬಲ್‌ಗಳ ರಚನೆ ಬರೆಯುವ ಫೈಲ್) ವಿಪರೀತ ಉದ್ದ ಆಗಿದೆ, ಹೇಗೆ ಒಡೆಯೋದು ಅಂತ. ಈಗ ಆಯಿತು.

ಕೆಲಸಕ್ಕೆ ಬಂದಿದ್ದು ‘ಒಂದೇ ಆ್ಯಪ್ ಇರಲಿ, ಒಳಗೆ ಮಾಡೆಲ್ಸ್ ಅನ್ನೋ ಫೋಲ್ಡರ್ ಮಾಡಿ’ ಅನ್ನುವ ಸಲಹೆ. ಜ್ಯಾಂಗೋದಲ್ಲಿ ಆ್ಯಪ್ ಅಂದರೆ ಪ್ರಾಜೆಕ್ಟಿನ ಒಂದು ಭಾಗ. ರೈತರು, ತೂಕದ ಚೀಟಿ, ಹಮಾಲಿ, ಪಾವತಿ, ಒಂದೊಂದಕ್ಕೂ ಒಂದು ಫೈಲ್. ಹಳೇ ಮಾಡೆಲ್ಸ್ ಫೈಲ್ ಅಳಿಸಿದೆ. ಫೋಲ್ಡರಿನ ಇನಿಟ್ ಫೈಲಿನಲ್ಲಿ (__init__.py) ಪ್ರತಿ ಮಾಡೆಲನ್ನೂ ಇಂಪೋರ್ಟ್ ಮಾಡಲೇಬೇಕು, ಅಂದರೆ ಅದರ ಫೈಲಿನಿಂದ ಕರೆದುಕೊಳ್ಳಬೇಕು. ಎಲ್ಲೂ ಇಂಪೋರ್ಟ್ ಆಗದ ಮಾಡೆಲ್ ಜ್ಯಾಂಗೋ ಕಣ್ಣಿಗೆ ಬೀಳುವುದಿಲ್ಲ. ಆಗ ಮೇಕ್‌ಮೈಗ್ರೇಷನ್ಸ್ ಕಮಾಂಡ್ ಓಡಿಸಿದರೆ ಆ ಟೇಬಲನ್ನೇ ತೆಗೆದುಹಾಕುವ ಮೈಗ್ರೇಷನ್ (ಡೇಟಾಬೇಸ್ ಬದಲಾವಣೆಯ ಫೈಲ್) ಬರೆದುಕೊಡುತ್ತದೆ! ಅದಕ್ಕೇ ಮೊದಲು ಡ್ರೈ ರನ್ (ಫೈಲ್ ಬರೆಯದೆ ಏನಾಗುತ್ತದೆ ಅಂತ ತೋರಿಸುವ ಆಯ್ಕೆ) ಹಾಕಿ ನೋಡಿ. ಬದಲಾವಣೆ ಏನೂ ಇಲ್ಲ ಅಂತ ಬಂದರೆ ನೆಮ್ಮದಿ.

ಚೀಟಿ, ಪಾವತಿ ಫೈಲುಗಳು ಒಂದನ್ನೊಂದು ಇಂಪೋರ್ಟ್ ಮಾಡಿ ಸಿಕ್ಕಿಹಾಕಿಕೊಂಡವು. ಒಂದು ಟೇಬಲನ್ನು ಇನ್ನೊಂದಕ್ಕೆ ಜೋಡಿಸುವ ಫಾರಿನ್ ಕೀಯಲ್ಲಿ ಮಾಡೆಲ್ ಕ್ಲಾಸ್ ಬದಲು ಅದರ ಹೆಸರನ್ನು ಕೋಟ್ ಒಳಗೆ ಬರೆದೆ, ಸರಿಹೋಯಿತು.

ಎಲ್ಲಕ್ಕೂ ಬೇರೆ ಬೇರೆ ಆ್ಯಪ್ ಮಾಡಿ ಅಂದವರ ಸಲಹೆ ನಮಗೆ ಹೊಂದಲಿಲ್ಲ. ಟೇಬಲ್ ಹೆಸರು ಶುರುವಾಗೋದೇ ಆ್ಯಪ್ ಹೆಸರಿನಿಂದ, ಫೈಲ್ ಹೆಸರಿಗೆ ಸಂಬಂಧವೇ ಇಲ್ಲ. ಆ್ಯಪ್ ಬದಲಿಸಿದರೆ ಹೊಸ ಟೇಬಲ್ ಹುಟ್ಟುತ್ತದೆ, ಹಳೇದಕ್ಕೆ ಕತ್ತರಿ. ಇದನ್ನು ತಪ್ಪಿಸೋ ದಾರಿ ಇದೆ, ಆದರೆ ಸುಗ್ಗಿ ಟೈಮಲ್ಲಿ ಸುಮ್ನೆ ಯಾಕೆ ಬೇಕು ಅಲ್ವಾ?

ಇನ್ನೊಬ್ಬರು ಪ್ರತಿ ಮಾಡೆಲಿಗೂ ಆ್ಯಪ್ ಲೇಬಲ್ (ಅದು ಯಾವ ಆ್ಯಪ್‌ಗೆ ಸೇರಿದ್ದು ಅನ್ನೋ ಗುರುತು) ಬರೆಯಿರಿ ಅಂದಿದ್ದರು. ಅದು ಹಳೇ ಕಾಲದ ಮಾತು. ಜ್ಯಾಂಗೋ 1.7ರಿಂದ ಈಚೆಗೆ ಫೋಲ್ಡರಿಗೆ ಅದು ಬೇಕಿಲ್ಲ.

ಆಶ್ಚರ್ಯ ಅಂದ್ರೆ ವ್ಯೂ (ಪುಟ ತೋರಿಸುವ ಕೋಡ್), ಅಡ್ಮಿನ್ ಕೋಡಿನಲ್ಲಿ ಒಂದು ಸಾಲೂ ಮುಟ್ಟಬೇಕಾಗಲಿಲ್ಲ. ಇನಿಟ್ ಫೈಲಿನಲ್ಲಿ ಎಲ್ಲವೂ ಇರೋದರಿಂದ ಹಳೇ ಇಂಪೋರ್ಟ್‌ಗಳೇ ನಡೆಯುತ್ತಿವೆ.