ಅಪ್‌ಡೇಟ್: ಟರ್ಮಿನಲ್ ಟೈಟಲ್ ಕೊನೆಗೂ ನಿಂತಿತು

ಉಬುಂಟು ಲಿನಕ್ಸ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ವಿಂಡೋಗೆ ಕೊಟ್ಟ ಟೈಟಲ್ ನಿಲ್ಲುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆ. ಈಗ ಸರಿಹೋಗಿದೆ.

ನಮ್ಮ ಕಮಾಂಡ್‌ಗಳನ್ನು ಓಡಿಸುವ ಶೆಲ್ ಬ್ಯಾಶ್. ಅದರ ಪ್ರಾಂಪ್ಟ್ ಕಮಾಂಡ್‌ನಲ್ಲಿ (PROMPT_COMMAND, ಪ್ರತಿ ಸಲ ಪ್ರಾಂಪ್ಟ್ ತೋರಿಸುವ ಮೊದಲು ಓಡುವ ಕಮಾಂಡ್) ಟೈಟಲ್ ಬರೆಯಿರಿ ಅಂತ ಹೆಚ್ಚಿನವರು ಹೇಳಿದಿರಿ. ನನಗೆ ಅದು ಆಗಲಿಲ್ಲ. ಎಂಟರ್ ಒತ್ತಿದ ಕೂಡಲೇ ಹಳೇ ಹೆಸರೇ ಬರುತ್ತಿತ್ತು. ಪಿಎಸ್1 (PS1, ಪ್ರಾಂಪ್ಟ್ ಹೇಗೆ ಕಾಣಬೇಕು ಅನ್ನುವ ಸೆಟ್ಟಿಂಗ್) ನೋಡಿ ಅಂದವರ ಮಾತೇ ಸರಿ. ಬ್ಯಾಶ್ ಶುರುವಾದಾಗ ಓದುವ ಬ್ಯಾಶ್‌ಆರ್‌ಸಿ (.bashrc) ಫೈಲಿನ ಮಧ್ಯೆ ಎಕ್ಸ್‌ಟರ್ಮ್ (xterm) ಅಂತ ಶುರುವಾಗುವ ಒಂದು ಕೇಸ್, ಅಂದರೆ ಷರತ್ತಿನ ಭಾಗ ಇದೆ, ಉಬುಂಟುವೇ ಹಾಕಿರುವುದು. ಅದು ಯೂಸರ್, ಮೆಷೀನ್, ಫೋಲ್ಡರ್ ಹೆಸರನ್ನು ಪಿಎಸ್1 ಒಳಗೇ ಟೈಟಲ್ ಆಗಿ ಸೇರಿಸುತ್ತದೆ. ಬ್ಯಾಶ್ ಮೊದಲು ಪ್ರಾಂಪ್ಟ್ ಕಮಾಂಡ್ ಓಡಿಸುತ್ತದೆ, ಆಮೇಲೆ ಪಿಎಸ್1 ಬರೆಯುತ್ತದೆ. ಕೊನೆಗೆ ಬರೆದದ್ದೇ ಉಳಿಯುತ್ತದೆ, ಅಲ್ವಾ? ಆ ಸಾಲಿನಲ್ಲೇ ಹೆಸರು ಬದಲಿಸಿದೆ, ಮುಗಿಯಿತು.

ಒಂದು ಎಚ್ಚರಿಕೆ. ಟೈಟಲ್ ಭಾಗದ ಎರಡೂ ತುದಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಜೊತೆಗಿನ ಚೌಕ ಬ್ರಾಕೆಟ್ ಇರುತ್ತದೆ. ಅದನ್ನು ತೆಗೆಯಬೇಡಿ. ನಾನು ತೆಗೆದಿದ್ದೆ. ಉದ್ದದ ಕಮಾಂಡ್ ಟೈಪ್ ಮಾಡಿದರೆ ಕೆಳಗಿನ ಸಾಲಿಗೆ ಹೋಗದೆ ಅದೇ ಸಾಲಿನ ಮೇಲೆ ಅಕ್ಷರ ಕೂರತೊಡಗಿತು. ಟೈಟಲ್ ಭಾಗದ ಅಕ್ಷರಗಳು ಪ್ರಾಂಪ್ಟ್ ಸಾಲಿನಲ್ಲಿ ಕಾಣುವುದಿಲ್ಲ, ಎಣಿಸಬೇಡ ಅಂತ ಬ್ಯಾಶ್‌ಗೆ ಹೇಳುವ ಗುರುತು ಆ ಬ್ರಾಕೆಟ್.

ನನಗೆ ಗೊತ್ತೇ ಇರದಿದ್ದ ಇನ್ನೊಂದು ವಿಷಯ: ಎಸ್‌ಎಸ್‌ಎಚ್ ಮಾಡಿದಾಗ, ಅಂದರೆ ದೂರದ ಮೆಷೀನಿಗೆ ಲಾಗಿನ್ ಆದಾಗ, ಟೈಟಲ್ ಕಳಿಸುವುದು ಆ ಕಡೆಯ ಶೆಲ್. ಹಾಗಾಗಿ ಚಿಕ್ಕಮಗಳೂರಿನ ತೋಟದ ಮೆಷೀನಿನಲ್ಲೂ ಹಾಸನದ ಅಂಗಡಿಯ ಮೆಷೀನಿನಲ್ಲೂ ಬೇರೆಬೇರೆಯಾಗಿ ತಿದ್ದಬೇಕಾಯಿತು. ಟೀಮಕ್ಸ್ (tmux, ಒಂದೇ ಟರ್ಮಿನಲ್‌ನಲ್ಲಿ ಹಲವು ಸೆಷನ್ ನಡೆಸುವ ಪ್ರೋಗ್ರಾಂ) ಬಳಸುವವರು ಸೆಟ್-ಟೈಟಲ್ಸ್ ಆನ್ ಮಾಡಬೇಕು, ಸುಮ್ನೆ ಬಿಟ್ಟರೆ ಅದು ಆಫ್ ಇರುತ್ತದೆ.

ಈಗ ಒಂದು ವಿಂಡೋ ಮೇಲೆ 'ತೋಟ-ಮಳೆ', ಇನ್ನೊಂದರ ಮೇಲೆ 'ಅಂಗಡಿ-ಬಿಲ್' ಅಂತ ಕನ್ನಡದಲ್ಲೇ ಕಾಣುತ್ತಿದೆ. ಪಿಎಸ್1 ಕಡೆ ಬೆರಳು ತೋರಿಸಿದವರಿಗೆ ತುಂಬಾ ಥ್ಯಾಂಕ್ಸ್.